12 ವೋಲ್ಟಿನಿಂದ ಇಎಸ್‌ಪಿ32ಗೆ ಕರೆಂಟ್ ಕೊಡುವ ಗೋಳು

ಟೊಮೆಟೊ ಗಿಡ ನೋಡಿ ಬೈಯಬೇಡಿ. ನೀರು ಸರಿಯಾಗಿ ಬೀಳದೆ ಹೀಗಾಗಿದೆ, ಅದಕ್ಕೇ ಈ ಪ್ರಾಜೆಕ್ಟು. ನೀರು ಬಿಡುವ ವಾಲ್ವಿಗೆ 12 ವೋಲ್ಟ್ ಬೇಕು, ಅದನ್ನು ಆಡಿಸುವ ಪುಟ್ಟ ವೈಫೈ ಬೋರ್ಡು ಇಎಸ್‌ಪಿ32ಗೆ ಬೇಕಾಗಿರುವುದು 3.3. ಮಹಡಿ ಮೇಲೆ ಪ್ಲಗ್ ಇರುವುದು ಒಂದೇ, ಎರಡು ಅಡಾಪ್ಟರ್ ಮಾತೇ ಇಲ್ಲ. ಇರುವ 12ನ್ನೇ ಇಳಿಸಬೇಕು. ನಾವು 5ಕ್ಕೆ ತಂದರೆ ಸಾಕು, ಅಲ್ಲಿಂದ 3.3ಕ್ಕೆ ಬೋರ್ಡೇ ಇಳಿಸಿಕೊಳ್ಳುತ್ತದೆ.

ಈ ಮೂರು ಕಾಲಿನ ಕರಿ ತುಂಡು 7805. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ 5 ವೋಲ್ಟ್ ಬೇಕು ಅಂದರೆ ಮೊದಲು ಇದನ್ನೇ ಎತ್ತಿ ಕೊಡುತ್ತಾರೆ. ನನ್ನ ಕೇಳಿದರೆ ಇದನ್ನು ಮ್ಯೂಸಿಯಮ್ಮಿಗೆ ಕೊಡಬೇಕು. ಮಿಕ್ಕ 7 ವೋಲ್ಟನ್ನು ಶಾಖ ಮಾಡಿ ಸುಡುತ್ತದೆ, ಅಷ್ಟೇ. ವೈಫೈ ಓಡುವಾಗ 200 ಮಿಲಿ ಆಂಪಿಯರ್ ಎಳೆದರೆ 1.4 ವಾಟ್ ಬರೀ ಬಿಸಿ. ಹೀಟ್‌ಸಿಂಕ್ ಇಲ್ಲದಿದ್ದರೆ ಮುಟ್ಟೋಕಾಗಲ್ಲ.

ಆದ್ದರಿಂದ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್, ಈ ನೀಲಿ ಬೋರ್ಡು, ಎಲ್‌ಎಂ2596. ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಆನ್ ಆಫ್ ಮಾಡಿ ಕಾಯಿಲಿನಿಂದ ಸಮ ಮಾಡುತ್ತದೆ, ಹಾಗಾಗಿ ಸುಡುವುದು ಕಡಿಮೆ. 60 ರೂಪಾಯಿ ಕೊಟ್ಟೆ. ಸರಿ, ಆದರೆ ಈ ಹಿತ್ತಾಳೆ ಸ್ಕ್ರೂ ಇದೆಯಲ್ಲ, ಇದರ ಬಗ್ಗೆ ಸ್ವಲ್ಪ ಬೈದುಕೊಳ್ಳಲೇಬೇಕು. ವೋಲ್ಟೇಜ್ ಹೊಂದಿಸುವುದು ಇದರಲ್ಲೇ. ಹೊಸ ಬೋರ್ಡಿಗೆ 12 ಕೊಟ್ಟರೆ ಮೀಟರ್ 11 ಚಿಲ್ಲರೆ ತೋರಿಸುತ್ತದೆ. ತಿರುಗಿಸುತ್ತೀರಿ, ಏನೂ ಆಗಲ್ಲ. ಇನ್ನೊಂದು ಸುತ್ತು, ಇನ್ನೊಂದು, ಅದೇ 11. ಬೋರ್ಡೇ ಕೆಟ್ಟಿದೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೊರಡಬೇಕು ಅನ್ನುವಷ್ಟರಲ್ಲಿ ಅಂಕಿ ಸರಸರ ಅಂತ ಇಳಿಯುತ್ತದೆ. ಇದು ಸುಮಾರು 25 ಸುತ್ತಿನ ಪಾಟ್, ಅಂದರೆ ತಿರುಗಿಸಿ ಹೊಂದಿಸುವ ರೆಸಿಸ್ಟರ್, ಕೊನೆ ಮುಟ್ಟಿದರೂ ನಿಲ್ಲದೆ ಸುಮ್ನೆ ತಿರುಗುತ್ತಲೇ ಇರುತ್ತದೆ, ಎಲ್ಲಿದ್ದೀವಿ ಅಂತ ಗೊತ್ತೇ ಆಗಲ್ಲ! ಹೊಸ ಬೋರ್ಡಿನ ಜೊತೆ ಒಂದು ಸಾಲು ಬರೆದು ಹಾಕಿದರೆ ಇವರ ಗಂಟೇನು ಹೋಗುತ್ತಿತ್ತು? ಮೊದಲು ಮೀಟರ್ ಇಟ್ಟು 5ಕ್ಕೆ ತನ್ನಿ, ಆಮೇಲೇ ಇಎಸ್‌ಪಿ32 ಸೇರಿಸಿ. ಸ್ಕ್ರೂ ಮೇಲಿನ ಈ ಗುಲಾಬಿ ಚುಕ್ಕೆ ಅಕ್ಕನ ನೈಲ್ ಪಾಲಿಶ್, ಅಲುಗಬಾರದು ಅಂತ. ಹೊಸ ಬಾಟಲಿ ನಾನೇ ತಂದುಕೊಡಬೇಕಂತೆ, ಬೋರ್ಡಿಗಿಂತ ಅದೇ ಜಾಸ್ತಿ ದುಬಾರಿ.

ಹೂಂ, ವೈರಿಂಗ್ ಮುಗಿದೇಹೋಯಿತು. 5 ಹೋಗುವುದು ಇಎಸ್‌ಪಿ32 ಬೋರ್ಡಿನ ವಿನ್ ಪಿನ್ನಿಗೆ. ಅಲ್ಲಿಂದ ಮುಂದಕ್ಕೆ ಆ ಬೋರ್ಡಿನಲ್ಲೇ ಇರುವ ಎಎಂಎಸ್1117 ರೆಗ್ಯುಲೇಟರ್ ಅದನ್ನು 3.3ಕ್ಕೆ ಇಳಿಸುತ್ತದೆ. ಪಕ್ಕದಲ್ಲಿ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ದೇನೆ. ವೈಫೈ ಎದ್ದಾಗ ಒಂದೇ ಏಟಿಗೆ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿದರೆ ಬ್ರೌನ್‌ಔಟ್ ಅಂತ ತೋರಿಸಿ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ತುಂಬ ಜನ ಅದಕ್ಕೆ ಕೋಡನ್ನು ಬೈಯುತ್ತಾರೆ ಪಾಪ.

ಮೂಲೆಯ ಕುಂಡಕ್ಕೆ ವೈರ್ ಎಟುಕಲ್ಲ, ಅಲ್ಲಿಗೆ 18650 ಲಿಥಿಯಂ ಸೆಲ್. ಆದರೆ ಎಎಂಎಸ್1117ಗೆ 3.3 ಕೊಡಲು ಒಳಗೆ 4.4ರ ಆಸುಪಾಸು ಬೇಕು. ಸೆಲ್ ಪೂರ್ತಿ ತುಂಬಿದಾಗಲೇ 4.2, ಲೆಕ್ಕವೇ ಕೂಡಲ್ಲ. ಅದೂ ಅಲ್ಲದೆ ಇಎಸ್‌ಪಿ32 ನಿದ್ದೆ ಮಾಡಿದರೂ ಈ ಎಎಂಎಸ್1117 ಒಂದೇ ಸುಮಾರು 5 ಮಿಲಿ ಆಂಪಿಯರ್ ತಿನ್ನುತ್ತದೆ. 2500 ಮಿಲಿ ಆಂಪಿಯರ್ ಅವರ್ ಸೆಲ್ಲು 20 ದಿನದಲ್ಲಿ ಖಾಲಿ, ಏನೂ ಕೆಲಸ ಮಾಡದೆ! ಅದರ ಬದಲು ಹಾಕಬಹುದಾದ ಎಚ್‌ಟಿ7333 ರೆಗ್ಯುಲೇಟರ್ ತಿನ್ನುವುದು ಬರೀ 4 ಮೈಕ್ರೋ ಆಂಪಿಯರ್, ಆದರೆ ಕೊಡುವುದು 250 ಮಿಲಿ ಮಾತ್ರ. ಇಎಸ್‌ಪಿ32ಗೆ 500 ಇಟ್ಟುಕೊಳ್ಳಿ ಅಂತ ಅದನ್ನು ಮಾಡುವವರೇ ಹೇಳುತ್ತಾರೆ. ಅಲ್ಲಿ ವೈಫೈ ಬೇಡ, ವೈಫೈ ಇಲ್ಲದ ಪುಟ್ಟ ಬೋರ್ಡು, 3.3 ವೋಲ್ಟಿನ ಆರ್ಡುಯಿನೋ ಪ್ರೊ ಮಿನಿ ಸಾಕು.

ಅಂದಹಾಗೆ 7805ಗೆ ಬೈದದ್ದು ಜಾಸ್ತಿ ಆಯಿತೇನೋ. 20 ಮಿಲಿ ಆಂಪಿಯರ್ ಸಾಕಾಗುವ ಕಡೆ ಸುಡುವುದು 0.14 ವಾಟ್, ಬಕ್ ತರಹ ಸೆನ್ಸರ್ ರೀಡಿಂಗಲ್ಲಿ ಗಲಾಟೆಯೂ ಇಲ್ಲ. ಹಾಗಾದರೆ ಇರಲಿ ಬಿಡಿ, ಮ್ಯೂಸಿಯಂ ಬೇಡ.

ಅರೆ, ವಾಲ್ವ್ ಆಗಲೇ ತೆರೆದುಕೊಂಡಿತು. ಬೇಗ ಹೇಳಿಬಿಡುತ್ತೇನೆ: ಅದರ ಎರಡೂ ಕಾಲಿಗೆ ಅಡ್ಡಲಾಗಿ 1ಎನ್4007 ಡಯೋಡ್ ಇದೆ ನೋಡಿ, ಪಟ್ಟಿ ಇರುವ ಕಡೆ ಪ್ಲಸ್ಸಿಗೆ. ಅದಿಲ್ಲದಿದ್ದರೆ ಆಫ್ ಆಗುವ ಹೊಡೆತಕ್ಕೆ ವಾಲ್ವ್ ಆಡಿಸುವ ಟ್ರಾನ್ಸಿಸ್ಟರ್ ಹೋಗುತ್ತದೆ. ಪೈಪ್ ತೂತು ಮಾಡಿದ್ದು ಮುಂದಿನ ವಿಡಿಯೋದಲ್ಲಿ.