ಹಾಡು ಮುಗಿದ ಮೇಲೆ ಒಂದು ಹಾಳೆ

ಕೇಳುಗರಿಗೆ ನಮಸ್ಕಾರ.

ನಮ್ಮ ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ಬಳೆ ಮಾರಿ ಬದುಕಿದವರು. ಕನ್ನಡದಲ್ಲೂ ತೆಲುಗಿನಲ್ಲೂ ಪದ ಕಟ್ಟಿದರು. ಕೊನೆಗೆ 'ಅಮರನಾರೇಯಣ' ಎಂಬ ಅಂಕಿತ. ಯಾವ ಭಜನೆಮನೆಗೆ ಹೋದರೂ ಆ ಪದ ಯಾರದೆಂದು ಕೇಳಬೇಕಾಗಿಲ್ಲ. ಇದೇ ಸೀಮೆಯಲ್ಲಿ ರಾಗಿ ಬೀಸುತ್ತಾ, ಕಳೆ ಕೀಳುತ್ತಾ ಹಾಡು ಕಟ್ಟಿದ ಹೆಣ್ಣುಮಕ್ಕಳ ಹೆಸರು ಮಾತ್ರ ಯಾರಿಗೂ ತಿಳಿಯದು.

ಹೊಸ ಹಾಡು ಮುಗಿಸಿದ ಹುಡುಗ ಹುಡುಗಿಯರನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ರಾತ್ರಿ ಮಿಕ್ಸಿಂಗ್ ಮುಗಿದರೆ ಬೆಳಗಾಗುವಷ್ಟರಲ್ಲಿ ಯೂಟ್ಯೂಬಿಗೆ ಹಾಕಿಬಿಡುವ ಆತುರ. ನಾನೂ ಹಾಗೇ ಮಾಡಿದ್ದೆ. ಮೊದಲ ಹಾಡಿಗೆ ಸಾಹಿತ್ಯ ಬರೆದುಕೊಟ್ಟ ಗೆಳೆಯನ ಹೆಸರನ್ನೇ ಹಾಕಲಿಲ್ಲ. ಅವನು ಜಗಳಕ್ಕೆ ಬರಲಿಲ್ಲ. ಆದರೆ ಆಮೇಲೆ ನನಗೆ ಒಂದು ಸಾಲನ್ನೂ ಬರೆದುಕೊಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲು ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಸಾಹಿತ್ಯ ಯಾರದು, ಮಟ್ಟು ಹಾಕಿದ್ದು ಯಾರು, ಹಾಡಿದ್ದು ಯಾರು, ತಮಟೆ ಬಡಿದದ್ದು ಯಾರು, ರೆಕಾರ್ಡಿಂಗಿಗೆ ದುಡ್ಡು ಹಾಕಿದ್ದು ಯಾರು, ಬಂದದ್ದರಲ್ಲಿ ಯಾರಿಗೆ ಎಷ್ಟು ಪಾಲು, ಎಲ್ಲ ಬರೆದು ಸಹಿ ಮಾಡಿಸಿ. ಕೈಯಲ್ಲಿ ಕಾಸಿಲ್ಲದಾಗಲೇ ಈ ಮಾತು ಸುಲಭ.

ನಮ್ಮ ಕೃತಿಸ್ವಾಮ್ಯ, ಅಂದರೆ ಕಾಪಿರೈಟ್ ಕಾಯ್ದೆ 1957ರದ್ದು. ಹಾಡು ಕಟ್ಟಿದಾಗಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಸಾಹಿತ್ಯಕ್ಕೂ ಸಂಗೀತಕ್ಕೂ ಕರ್ತೃವಿನ ಜೀವಿತಕಾಲ, ಅದರ ಮೇಲೆ 60 ವರ್ಷ. ಧ್ವನಿಮುದ್ರಿಕೆಯ ಹಕ್ಕು ಬೇರೆಯೇ, ಅದು ನಿರ್ಮಾಪಕರದು. 2012ರ ತಿದ್ದುಪಡಿ ಬಂದ ಮೇಲೆ ಸಿನಿಮಾ ಹಾಡಿನ ಕವಿ, ಸಂಗೀತಗಾರರು ಕೂಡ ತಮ್ಮ ರಾಯಧನದ, ಅಂದರೆ ರಾಯಲ್ಟಿಯ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡುವಂತಿಲ್ಲ. ಎಷ್ಟು ದೊಡ್ಡ ಆಸರೆ ಇದು! ಆ ರಾಯಧನ ವಸೂಲಿ ಮಾಡಿ ಹಂಚಲು 1969ರಿಂದ ಐಪಿಆರ್‌ಎಸ್ ಎಂಬ ಸಂಸ್ಥೆಯಿದೆ. ಸದಸ್ಯರಾಗಿ, ಪ್ರತಿ ಹಾಡನ್ನೂ ಅಲ್ಲಿ ದಾಖಲಿಸಿ.

ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರು ಸಾಮಾನ್ಯವಾಗಿ ಐಎಸ್‌ಆರ್‌ಸಿ ಎಂಬ ಗುರುತಿನ ಸಂಕೇತ ಕೊಡುತ್ತಾರೆ. 12 ಅಕ್ಷರ, ಅಂಕಿಗಳು. ನಿಮ್ಮ ಆ ಧ್ವನಿಮುದ್ರಣಕ್ಕೆ ಮಾತ್ರ ಸೇರಿದ್ದು. ಅದನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ಬಿಡುಗಡೆಗೆ ಒಂದು ತಿಂಗಳಾದರೂ ಬಿಡುವಿಟ್ಟುಕೊಳ್ಳಿ. ಸ್ಪಾಟಿಫೈ ಎಂಬ ಹಾಡಿನ ಆ್ಯಪ್‌ನಲ್ಲಿ ಹಾಡುಗಳ ಪಟ್ಟಿ ಮಾಡುವ ಸಂಪಾದಕರಿಗೆ ಹಾಡು ತೋರಿಸಬೇಕಾದರೂ ಕನಿಷ್ಠ 7 ದಿನ ಮುಂಚೆ ಕಳಿಸುವುದು ಒಳ್ಳೆಯದು.

ಆ ತಿಂಗಳು ಸುಮ್ಮನೆ ಕೂರಬೇಡಿ. ಆಟೋದ ಸ್ಪೀಕರಿನಲ್ಲಿ, ಅಗ್ಗದ ಮೊಬೈಲಿನಲ್ಲಿ ಹಾಕಿ ಕೇಳಿ. ಪದಗಳು ಸ್ಪಷ್ಟವಾಗಿ ಕೇಳಿಸದಿದ್ದರೆ ಮಿಕ್ಸಿಂಗಿಗೆ ವಾಪಸ್ ಹೋಗಿ. ಊರ ಹಬ್ಬದಲ್ಲಿ ಜನರೆದುರು ಹಾಡಿ ನೋಡಿ.

ನಾನೀಗ ವೇದಿಕೆ ಹತ್ತಿದರೆ ಮೊದಲು ಆ ಗೆಳೆಯನ ಹೆಸರು ಹೇಳುತ್ತೇನೆ. ಆಮೇಲೆ ಶ್ರುತಿ ಹಿಡಿಯುತ್ತೇನೆ.

ನಮಸ್ಕಾರ.