ಲಾರ್ವಾದೊಳಗೊಂದು ಸಂಸಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬೈ ಮತ್ತು ಅದರ ಸುತ್ತಲಿನ ಮಾಟುಂಗಾ, ಮುಲುಂಡ್, ಡೊಂಬಿವಿಲಿಗಳಲ್ಲಿ ನೆಲೆಸಿರುವ ನಾವು ಊರಿನ ಕೆರೆಯನ್ನು ನೆನೆದಾಗ ಮೀನು, ತಾವರೆ, ಪಾಚಿಗಳು ಕಣ್ಣಮುಂದೆ ಬರುತ್ತವೆ. ನಾವು ಪಾಚಿಯೆಂದು ಬಗೆದದ್ದು ಕೆಲವೊಮ್ಮೆ ಪ್ರಾಣಿಯೂ ಆಗಿರಬಹುದು. ಮುಳುಗಿದ ಕಡ್ಡಿಗೋ ಕಲ್ಲಿನ ತಳಕ್ಕೋ ಕಂದುಬಣ್ಣದ ಬೇರಿನಂತೆ ಅಂಟಿಕೊಂಡು, ಕರಬಳ್ಳಿಗಳ ಕುಚ್ಚನ್ನು ಹೊರಚಾಚಿ, ನೀರಿನ ಕಣಗಳನ್ನು ಸೋಸಿ ತಿನ್ನುವ ಈ ಸಮೂಹಜೀವಿಗಳಿಗೆ ಬ್ರಯೋಜೋವಗಳೆಂದು ಹೆಸರು. ಮುಂಬೈಗೂ ಇವುಗಳಿಗೂ ಹಳೆಯ ನಂಟಿದೆ. ಇಲ್ಲಿ ವೈದ್ಯರಾಗಿದ್ದ ಹೆನ್ರಿ ಜಾನ್ ಕಾರ್ಟರ್ 19ನೆಯ ಶತಮಾನದಲ್ಲಿ ಸಿಹಿನೀರಿನ ಸ್ಪಂಜುಗಳನ್ನೂ ಬ್ರಯೋಜೋವಗಳನ್ನೂ ಅಭ್ಯಸಿಸಿದರು. 1866ರಲ್ಲಿ ವಿವರಿಸಲಾದ, ಇಂದು ಲೊಫೊಪೊಡೆಲ್ಲ ಕಾರ್ಟೆರಿ ಎನಿಸಿಕೊಂಡಿರುವ ಪ್ರಭೇದವು ಅವರ ಹೆಸರನ್ನೇ ಹೊತ್ತಿದೆ.

ಈ ಜೀವಿಗಳ ಲಾರ್ವಾ ನನ್ನನ್ನು ಬಹಳವಾಗಿ ಸೆಳೆದಿದೆ. ಲಾರ್ವಾ ಎಂದೊಡನೆ ನಮಗೆ ಕಂಬಳಿಹುಳುವೋ ಗೊದಮೊಟ್ಟೆಯೋ ನೆನಪಾಗುತ್ತದೆ: ತಾಯಿಯನ್ನು ಹೋಲದ, ಮುಂದೆ ರೂಪ ಬದಲಿಸಬೇಕಾದ ಮರಿ. ಕಡಲಿನ ಕೆಲವು ಬ್ರಯೋಜೋವಗಳಲ್ಲಿಯೂ ಹೀಗೆಯೇ. ಅವುಗಳ ಲಾರ್ವಾ ವಾರಗಟ್ಟಲೆ ಉಣ್ಣುತ್ತ ತೇಲಿ, ನೆಲೆಯೂರಿದ ಮೇಲೆ ತನ್ನ ಅಂಗಗಳಲ್ಲಿ ಹೆಚ್ಚಿನವನ್ನು ಕರಗಿಸಿಕೊಂಡು ಹೊಸ ದೇಹವನ್ನು ಕಟ್ಟಿಕೊಳ್ಳುತ್ತದೆ.

ಸಿಹಿನೀರಿನಲ್ಲಿ ಕತೆಯೇ ಬೇರೆ. ಇಲ್ಲಿ ಭ್ರೂಣವು ತಾಯಿಸಮೂಹದ ಒಡಲಿನೊಳಗೆ, ದೇಹಭಿತ್ತಿಗೆ ಅಂಟಿದ ಚೀಲವೊಂದರಲ್ಲಿ ಪೋಷಣೆ ಪಡೆದು ಬೆಳೆಯುತ್ತದೆ. ಲೋಮಾಂಗಗಳನ್ನು, ಅಂದರೆ ಈಜಲು ನೆರವಾಗುವ ಸೂಕ್ಷ್ಮ ರೋಮಗಳನ್ನು ಹೊದ್ದ, ಸುಮಾರು ಒಂದು ಮಿಲಿಮೀಟರಿನ ಆ ಲಾರ್ವಾ ಹೊರಬರುವ ಹೊತ್ತಿಗೆ, ಅದರ ಹೊದಿಕೆಯೊಳಗೆ ಕರಬಳ್ಳಿ, ಜೀರ್ಣನಾಳಗಳುಳ್ಳ ಘಟಕಗಳು, ಅಂದರೆ ಮುಂದಿನ ಸಮೂಹದ ಬಿಡಿ ಜೀವಿಗಳು, ಆಗಲೇ ಮೊಗ್ಗೊಡೆದು ರೂಪುಗೊಂಡಿರುತ್ತವೆ. ಪ್ಲುಮಟೆಲ್ಲ ಎಂಬ ಸಿಹಿನೀರಿನ ಬ್ರಯೋಜೋವದಲ್ಲಿ ಸಾಮಾನ್ಯವಾಗಿ ಇಂಥ ಎರಡು ಘಟಕಗಳು, ಕ್ರಿಸ್ಟಟೆಲ್ಲ ಎಂಬ ಇನ್ನೊಂದರಲ್ಲಿ ಇನ್ನೂ ಹೆಚ್ಚು. ಇದನ್ನು ಒಂಟಿ ಮರಿಯೆನ್ನಲು ನನಗೆ ಮನಸ್ಸು ಬಾರದು. ಇದು ಈಜಿ ಹೊರಟ ಪುಟ್ಟ ಸಂಸಾರ.

ಈಜುವಾಗ ಅದು ಏನನ್ನೂ ತಿನ್ನುವುದಿಲ್ಲ. ಹೆಚ್ಚೆಂದರೆ ಒಂದು ದಿನ, ಹಲವು ಸಲ ಕೆಲವೇ ಗಂಟೆಗಳೊಳಗೆ, ಅದು ಮುಂತುದಿಯಿಂದ ಯಾವುದಾದರೂ ಆಸರೆಗೆ ಅಂಟಿಕೊಳ್ಳುತ್ತದೆ. ಆಗ ಹೊದಿಕೆ ಹಿಂದಕ್ಕೆ ಮಡಚಿಕೊಂಡು ಬುಡದತ್ತ ಸರಿದು, ಅಲ್ಲಿಯೇ ಒಳಸೇರಿ ಕರಗುತ್ತದೆ. ಒಳಗಿದ್ದ ಘಟಕಗಳು ಕರಬಳ್ಳಿಗಳನ್ನು ಬಿಚ್ಚಿ ಉಣ್ಣತೊಡಗುತ್ತವೆ.

ಇಷ್ಟು ಅಲ್ಪಾಯುವಾದ ಲಾರ್ವಾ ದೂರ ಹೋಗಲಾರದು. ದೂರದ ಪಯಣವೂ ಒಣಗಿದ ಕೆರೆಯಲ್ಲಿ ಕಾಯುವ ಕೆಲಸವೂ ಸ್ಟ್ಯಾಟೊಬ್ಲಾಸ್ಟ್ ಎಂಬ ಗಟ್ಟಿಚಿಪ್ಪಿನ, ಗಂಡುಹೆಣ್ಣಿನ ಕೂಡುವಿಕೆಯಿಲ್ಲದೆ ಹುಟ್ಟುವ ನಿರ್ಲಿಂಗ ಮೊಗ್ಗಿನ ಪಾಲಿಗೆ ಬಂದಿವೆ. ಕಾರ್ಟರರ ಹೆಸರಿನ ಪ್ರಭೇದದಲ್ಲಿ ಆ ಮೊಗ್ಗಿನ ಎರಡೂ ತುದಿಗಳಲ್ಲಿ ಕೊಕ್ಕೆಮುಳ್ಳುಗಳಿವೆ.