ಜಮೀನು ಎಲ್ಲರದ್ದು, ಶನಿವಾರ ಬೆಳಿಗ್ಗೆ ಅಟ್ಟಣೆ ಯಾರದ್ದು?

ಎಲ್ಲರಿಗೂ ನಮಸ್ಕಾರ.

ಇವತ್ತು ಅಮೆರಿಕದ ಹಳ್ಳಿಗಾಡಿನ ಒಂದು ಜಗಳದ ಬಗ್ಗೆ ಮಾತಾಡುತ್ತೇನೆ. ಅಪ್ಪ ಬಿಟ್ಟುಹೋದ ಕಾಡು ಜಮೀನು. ಅದರಲ್ಲಿ ಜಿಂಕೆ ಬೇಟೆಗೆ ಬರುವ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು, ಅಳಿಯಂದಿರು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಹಾಗಾಗಿ ಇಂಥ ಜಗಳ ನಮಗೆ ಪರಿಚಯವಿಲ್ಲ. ಅಲ್ಲಿ ಲೈಸೆನ್ಸ್ ತೆಗೆದುಕೊಂಡು, ಸೀಸನ್ನಿನಲ್ಲಿ, ಮಿತಿಯೊಳಗೆ ಬೇಟೆಯಾಡುವುದಕ್ಕೆ ಕಾನೂನಿನ ಒಪ್ಪಿಗೆ ಇದೆ. ಎಷ್ಟೋ ಮನೆಗಳಲ್ಲಿ ಮಂದಿಯೆಲ್ಲ ವರ್ಷಕ್ಕೊಮ್ಮೆ ಒಂದೇ ಸೂರಿನಡಿ ಮಲಗುವುದು ಆ ದಿನಗಳಲ್ಲಿ ಮಾತ್ರ. ಬೇಟೆ ಸರಿಯೋ ತಪ್ಪೋ ಅನ್ನುವುದು ಬೇರೆ ಚರ್ಚೆ, ಅದಕ್ಕೆ ಇವತ್ತು ಕೈ ಹಾಕುವುದಿಲ್ಲ. ಹತ್ತಿರದ ಸಂಬಂಧಗಳು ಒಂದು ಗೇಟಿನ ಬೀಗದ ಕಾರಣಕ್ಕೆ ಮುರಿದುಬೀಳುತ್ತವಲ್ಲ, ಅದನ್ನು ತಡೆಯುವುದು ಹೇಗೆ ಅನ್ನುವುದಷ್ಟೇ ನನ್ನ ಮಾತು.

ಗೇಟಿನಿಂದಲೇ ಶುರು ಮಾಡೋಣ. ಇಂಥ ಜಮೀನುಗಳ ಬಾಗಿಲಲ್ಲಿ ಒಂದು ಕಬ್ಬಿಣದ ಗೇಟು, ಅದಕ್ಕೊಂದು ಸರಪಳಿ ಇರುತ್ತದೆ. ಆ ಸರಪಳಿಯಲ್ಲಿ ಮೂರ್ನಾಲ್ಕು ಬೀಗಗಳನ್ನು ಒಂದಕ್ಕೊಂದು ಸಿಕ್ಕಿಸಿರುತ್ತಾರೆ. ಅಣ್ಣನದೊಂದು, ತಂಗಿಯದೊಂದು, ಮರ ಕಡಿಯಲು ಬರುವವನದೊಂದು. ಯಾವ ಬೀಗ ತೆಗೆದರೂ ಸರಪಳಿ ಬಿಚ್ಚಿಕೊಳ್ಳುತ್ತದೆ. ಒಳ್ಳೆಯ ಉಪಾಯ. ಆದರೆ ವಾಪಸ್ ಹಾಕುವಾಗ ಒಬ್ಬರು ತಮ್ಮ ಬೀಗವನ್ನು ಪಕ್ಕದ ಬೀಗಕ್ಕೆ ಹಾಕದೆ, ಅದನ್ನು ದಾಟಿಸಿ ನೇರವಾಗಿ ಸರಪಳಿಯ ಕೊಂಡಿಗೆ ಹಾಕಿಬಿಟ್ಟರೆ, ಮಧ್ಯದವರ ಬೀಗ ಬರೀ ನೇತಾಡುತ್ತದೆ, ಅದನ್ನು ತೆಗೆದರೂ ಗೇಟು ತೆರೆಯುವುದಿಲ್ಲ. ಕತ್ತಲಲ್ಲಿ, ಚಳಿಯಲ್ಲಿ, ಕೈಗವಸು ಹಾಕಿಕೊಂಡವರು ಯಾರು ಬೇಕಾದರೂ ಹೀಗೆ ಮಾಡಬಹುದು. ಆದರೆ ಬೆಳಗಿನ ಜಾವ ಐದಕ್ಕೆ ಗೇಟಿನ ಹೊರಗೆ ನಿಂತ ತಮ್ಮನಿಗೆ ಅದು ಹಾಗೆ ಕಾಣುವುದಿಲ್ಲ. 'ನನ್ನನ್ನು ಬೇಕಂತಲೇ ಹೊರಗಿಟ್ಟರು' ಅಂತಲೇ ಕಾಣುತ್ತದೆ. ಹಳೆಯದೆಲ್ಲ ಒಟ್ಟಿಗೆ ನೆನಪಾಗುತ್ತದೆ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. ಉಯಿಲು ಬರೆಯದೆ ಅಪ್ಪ ತೀರಿಕೊಂಡರೆ, ಅಥವಾ 'ನನ್ನ ಮಕ್ಕಳಿಗೆ ಸಮಪಾಲು' ಅಂತ ಒಂದೇ ಸಾಲು ಬರೆದಿಟ್ಟರೆ, ಸಾಮಾನ್ಯವಾಗಿ ಆ ಜಮೀನು 'ಟೆನೆನ್ಸಿ ಇನ್ ಕಾಮನ್' ಅನ್ನುವ ಜಂಟಿ ಒಡೆತನಕ್ಕೆ ಬರುತ್ತದೆ. ಪಾಲು ಕಾಗದದ ಮೇಲೆ ಮಾತ್ರ ಇರುತ್ತದೆ, ನೆಲದ ಮೇಲೆ ಗೆರೆ ಇರುವುದಿಲ್ಲ. ಕಾಲುಭಾಗದ ಪಾಲು ಇದ್ದವರಿಗೂ ಇಡೀ ಜಮೀನಿನಲ್ಲಿ ಓಡಾಡುವ ಹಕ್ಕಿದೆ. ಜಾಸ್ತಿ ತೆರಿಗೆ ಕಟ್ಟಿದವನು ಆ ದುಡ್ಡಿನಲ್ಲಿ ಉಳಿದವರ ಪಾಲನ್ನು ಕೇಳಬಹುದು, ಆದರೆ ಅವರನ್ನು ಹೊರಗಿಡುವ ಅಧಿಕಾರ ಅದರಿಂದ ಬರುವುದಿಲ್ಲ. ಬೀಗ ಬದಲಾಯಿಸಿ ಇನ್ನೊಬ್ಬ ಪಾಲುದಾರನನ್ನು ತಡೆದರೆ ಅದೇ ಒಂದು ಕೇಸಾಗುತ್ತದೆ. ಹಾಗೆಯೇ ಯಾರು ಬೇಕಾದರೂ ತನ್ನ ಪಾಲನ್ನು ಉಳಿದವರನ್ನು ಕೇಳದೆ ಹೊರಗಿನವರಿಗೆ ಮಾರಬಹುದು. ಯಾರು ಬೇಕಾದರೂ ಕೋರ್ಟಿಗೆ ಹೋಗಿ 'ಪಾಲು ಮಾಡಿಕೊಡಿ' ಅನ್ನಬಹುದು. ಹೋಳು ಮಾಡಲು ಆಗದ ಜಮೀನಾದರೆ ಕೋರ್ಟು ಮಾರಿಸಿ ದುಡ್ಡು ಹಂಚುತ್ತದೆ.

ಇಲ್ಲಿ ಒಂದು ನೋವಿನ ಚರಿತ್ರೆ ಇದೆ, ಸುಮ್ನೆ ದಾಟಿ ಹೋಗಲು ಮನಸ್ಸಾಗುವುದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರ ಕುಟುಂಬಗಳು ಕಷ್ಟಪಟ್ಟು ಸಂಪಾದಿಸಿದ ಎಷ್ಟೋ ಜಮೀನು ಹೋಗಿದ್ದು ಇದೇ ದಾರಿಯಲ್ಲಿ. ಹೊರಗಿನವನೊಬ್ಬ ದೂರದ ಸಂಬಂಧಿಯಿಂದ ಒಂದು ಸಣ್ಣ ಪಾಲು ಕೊಳ್ಳುತ್ತಾನೆ, ಕೋರ್ಟಿಗೆ ಹೋಗುತ್ತಾನೆ, ಇಡೀ ಜಮೀನು ಹರಾಜಿಗೆ ಬರುತ್ತದೆ, ಕಡಿಮೆ ಬೆಲೆಗೆ ಹೋಗುತ್ತದೆ. ಇದನ್ನು ತಡೆಯಲು 2010ರಲ್ಲಿ ಒಂದು ಮಾದರಿ ಕಾನೂನು ಬಂತು. ಯೂನಿಫಾರ್ಮ್ ಪಾರ್ಟಿಷನ್ ಆಫ್ ಏರ್ಸ್ ಪ್ರಾಪರ್ಟಿ ಆ್ಯಕ್ಟ್ ಅಂತ ಅದರ ಹೆಸರು. 20ಕ್ಕೂ ಹೆಚ್ಚು ರಾಜ್ಯಗಳು ಅದನ್ನು ಒಪ್ಪಿಕೊಂಡಿವೆ. ಅದರ ಪ್ರಕಾರ ಮೊದಲು ಜಮೀನಿನ ನ್ಯಾಯವಾದ ಬೆಲೆ ಕಟ್ಟಿಸಬೇಕು. ಯಾರು ಮಾರಿಸಿ ಅಂತ ಕೇಳಿದರೋ ಅವರ ಪಾಲನ್ನು ಕೊಳ್ಳುವ ಅವಕಾಶ ಉಳಿದವರಿಗೆ ಮೊದಲು ಸಿಗಬೇಕು. ಬೇಕೋ ಬೇಡವೋ ಹೇಳಲು 45 ದಿನ. ಹೋಳು ಮಾಡಲು ಸಾಧ್ಯವಿದ್ದರೆ ಹೋಳೇ ಮಾಡಬೇಕು. ಮಾರಲೇಬೇಕಾಗಿ ಬಂದರೂ ಸಾಧಾರಣವಾಗಿ ಮಾರುಕಟ್ಟೆಯಲ್ಲಿ ಇಟ್ಟು ಮಾರಬೇಕು, ಅವಸರದ ಹರಾಜಿಗೆ ತಳ್ಳುವ ಹಾಗಿಲ್ಲ. ನಿಮ್ಮ ಪರಿಚಯದವರು ಯಾರಾದರೂ ಇಂಥ ಜಗಳದಲ್ಲಿದ್ದರೆ ಅವರ ರಾಜ್ಯದಲ್ಲಿ ಈ ಕಾನೂನು ಇದೆಯೇ ಅಂತ ಮೊದಲು ವಿಚಾರಿಸಲು ಹೇಳಿ.

ಆದರೆ ಇಷ್ಟೆಲ್ಲ ಇದ್ದರೂ ಕಾನೂನಿನ ಹತ್ತಿರ ಹೆಚ್ಚುಕಡಿಮೆ ಎರಡೇ ಉತ್ತರ ಇವೆ. ಒಂದು, ಎಲ್ಲರೂ ಎಲ್ಲ ಕಡೆಯೂ ಹೋಗಬಹುದು. ಇನ್ನೊಂದು, ಒಡೆಯಿರಿ ಅಥವಾ ಮಾರಿ. ಶನಿವಾರ ಬೆಳಿಗ್ಗೆ ತೊರೆ ಪಕ್ಕದ ಅಟ್ಟಣೆಯಲ್ಲಿ, ಅಂದರೆ ಜಿಂಕೆಗೆ ಕಾದು ಕೂರಲು ಎತ್ತರದಲ್ಲಿ ಕಟ್ಟಿದ ಜಾಗದಲ್ಲಿ, ಯಾರು ಕೂರಬೇಕು ಅನ್ನುವ ಪ್ರಶ್ನೆಗೆ ಯಾವ ನ್ಯಾಯಾಧೀಶರ ಹತ್ತಿರವೂ ಉತ್ತರವಿಲ್ಲ. ಅದನ್ನು ಮನೆಯವರೇ ಕೂತು ಮಾಡಿಕೊಳ್ಳಬೇಕು, ಬರೆದಿಟ್ಟುಕೊಳ್ಳಬೇಕು. ನಾನು ಇವತ್ತು ಒತ್ತಿ ಹೇಳಬೇಕು ಅಂತ ಬಂದಿರುವುದು ಇದನ್ನೇ.

ಶನಿವಾರ ಅಂದೆ, ಯಾಕೆ ಅಂತ ಹೇಳುತ್ತೇನೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋವಿಯ ಮುಖ್ಯ ಸೀಸನ್ 9 ದಿನ, ನವೆಂಬರ್‌ನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗುತ್ತದೆ. ಮಿಷಿಗನ್‌ನಲ್ಲಿ ನವೆಂಬರ್ 15ರಿಂದ 30. ಮೊದಲ ದಿನ ಬೆಳಿಗ್ಗೆ ಜಿಂಕೆಗಳು ಇನ್ನೂ ಎಚ್ಚೆತ್ತುಕೊಂಡಿರುವುದಿಲ್ಲ. ಒಂದಷ್ಟು ಈಡು ಕೇಳಿದ ಮೇಲೆ ಅವು ಹಗಲು ಹೊರಗೆ ಬರುವುದೇ ಕಡಿಮೆ. ಹಾಗಾಗಿ ಇಡೀ ವರ್ಷದ ಆಸೆ ಆ ಒಂದೆರಡು ದಿನಕ್ಕೆ ಬಂದು ನಿಲ್ಲುತ್ತದೆ. ಜಮೀನು 80 ಎಕರೆ ಇರಬಹುದು, ಒಳ್ಳೆಯ ಜಾಗ ಎರಡೋ ಮೂರೋ. ಅದೂ ಗಾಳಿ ನೋಡಿಕೊಂಡು. ಗಾಳಿ ಪಶ್ಚಿಮದಿಂದ ಬೀಸುವಾಗ ಒಬ್ಬ ತಡವಾಗಿ ಬಂದು ಪಶ್ಚಿಮದ ಅಂಚಿನಲ್ಲಿ ನಡೆದುಹೋದರೆ, ಅವನ ವಾಸನೆ ಇಡೀ ಕಾಡಿಗೆ ಹರಡುತ್ತದೆ, ಪೂರ್ವದಲ್ಲಿ ಕತ್ತಲಿಂದ ಕೂತವನ ಬೆಳಗು ಹಾಳು. ದಾರಿಯ ಹಕ್ಕು ಅಂದರೆ ಬರೀ ಒಳಗೆ ಬರುವುದಲ್ಲ, ಯಾವ ಕಡೆಯಿಂದ, ಎಷ್ಟು ಹೊತ್ತಿಗೆ ಬರುವುದು ಅನ್ನುವುದೂ ಅದರಲ್ಲಿ ಸೇರಿದೆ.

ಎಲ್ಲಕ್ಕಿಂತ ದೊಡ್ಡದು ಜೀವದ ಪ್ರಶ್ನೆ. ರೈಫಲ್ ಗುಂಡು ಗುರಿ ತಪ್ಪಿದರೆ ಒಂದು ಮೈಲಿ ದಾಟಿಯೂ ಹೋಗಬಲ್ಲದು. ಯಾರು ಎಲ್ಲಿ ಕೂತಿದ್ದಾರೆ ಅಂತ ಗೊತ್ತಿಲ್ಲದೆ ಕೋವಿ ಹಿಡಿದವರು ಒಂದೇ ಕಾಡಿನಲ್ಲಿ ಇರುವುದು ಅಪಾಯ. ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಜಮೀನಿಗೆ ಬೇರೆ ಬೇರೆ ದಿಕ್ಕಿನಿಂದ ನುಗ್ಗುತ್ತಾರೆ ಅಂದರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ಬೇರೆ ಯಾವ ವಿಷಯಕ್ಕೆ ಒಪ್ಪದಿದ್ದರೂ ಇದೊಂದಕ್ಕೆ ಒಪ್ಪಲೇಬೇಕು: ಒಳಗೆ ಹೋಗುವ ಮುಂಚೆ ಎಲ್ಲಿ ಕೂರುತ್ತೇನೆ ಅಂತ ತಿಳಿಸುವುದು, ಹೊರಗೆ ಬಂದ ಮೇಲೆ ಬಂದೆ ಅಂತ ತಿಳಿಸುವುದು. ಮುಖ ನೋಡಲು ಇಷ್ಟವಿಲ್ಲದಿದ್ದರೆ ಫೋನಿನಲ್ಲಿ ಎರಡು ಪದದ ಮೆಸೇಜು ಸಾಕು.

ಇನ್ನು ಮಾತುಕತೆ. ಯಾವಾಗ ಕೂರಬೇಕು? ನವೆಂಬರ್‌ನಲ್ಲಂತೂ ಬೇಡ. ಸೀಸನ್ ಮುಗಿದು ಬಿಸಿ ಆರಿದ ಮೇಲೆ, ಚಳಿಗಾಲದ ಕೊನೆಗೆ ಕೂರಿ. ಮುಖಾಮುಖಿ ಕೂರಿ, ಮೆಸೇಜಿನಲ್ಲಿ ವಾದ ಮಾಡಬೇಡಿ. ಯಾರು ಬರಬೇಕು? ಪಾಲು ಇರುವ ಎಲ್ಲರೂ ಬರಬೇಕು. ಬೇಟೆಯಾಡದ ಅಕ್ಕ ಮೊದಲು ಬರಬೇಕು. 'ಅವಳಿಗೇನು, ಅವಳು ಬೇಟೆಗೆ ಬರುವುದೇ ಇಲ್ಲ' ಅಂತ ಅವಳನ್ನು ಬಿಟ್ಟು ಮಾತಾಡುವ ಮನೆಗಳು ಬಹಳ. ಆದರೆ ಅವಳೂ ತೆರಿಗೆ ಕಟ್ಟುತ್ತಾಳೆ, ಅವಳ ಸಹಿಯೂ ಬೇಕು. ಬೇಸತ್ತು ಪಾಲು ಮಾರಿದರೆ ಎಲ್ಲರ ಬೇಟೆಯೂ ಅಲ್ಲಿಗೆ ನಿಂತಿತು. ಅವಳಿಗೆ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಂದು ಕ್ಯಾಬಿನ್ನಿನಲ್ಲಿ ಒಂದು ವಾರ ಇರಬೇಕು ಅನ್ನುವ ಆಸೆ ಇರಬಹುದು. ಯಾರೂ ಕೇಳಿರುವುದಿಲ್ಲ.

ಮೊದಲು ತಲೆಗೊಂದು ಪ್ರಶ್ನೆ ಕೇಳಿ: ಈ ಜಮೀನಿನಿಂದ ನಿನಗೆ ಏನು ಬೇಕು? ಒಬ್ಬ ಹೇಳುತ್ತಿರುವಾಗ ಇನ್ನೊಬ್ಬ ಬಾಯಿ ಹಾಕಬಾರದು. ಉತ್ತರಗಳು ನೀವು ಅಂದುಕೊಂಡ ಹಾಗೆ ಇರುವುದಿಲ್ಲ. ದೊಡ್ಡವನಿಗೆ ಬೇಕಾಗಿರುವುದು ಅಪ್ಪ ಕೂರುತ್ತಿದ್ದ ಆ ಒಂದು ಮರ. ಚಿಕ್ಕವನಿಗೆ ತನ್ನ ಮಗ ಮೊದಲ ಸಲ ಕೋವಿ ಹಿಡಿಯುವಾಗ ಜೊತೆಗೆ ಒಂದು ಒಳ್ಳೆಯ ಜಾಗ. ಅಳಿಯನಿಗೆ, ಬೇಸಿಗೆಯೆಲ್ಲ ಜಿಂಕೆ ಮೇಯಲಿ ಅಂತ ಕ್ಲೋವರ್ ಸೊಪ್ಪು ಬಿತ್ತಿ, ಪೊದೆ ಕಡಿದು, ಅಟ್ಟಣೆ ರಿಪೇರಿ ಮಾಡಿದ್ದಕ್ಕೆ ಯಾರಾದರೂ ಒಂದು ಮಾತು ಹೇಳಲಿ ಅನ್ನುವುದು. ಈ ಮೂರೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಆದರೆ ಕೇಳುವ ತನಕ ಮೂವರೂ 'ನನ್ನ ಹಕ್ಕು' ಅಂತ ಒಂದೇ ಮಾತಿನಲ್ಲಿ ಕಿತ್ತಾಡುತ್ತಿರುತ್ತಾರೆ, ಅಲ್ವಾ?

ಆಮೇಲೆ ಮೇಜಿನ ಮೇಲೆ ಜಮೀನಿನ ನಕ್ಷೆ ಹಾಸಿ. ಅಟ್ಟಣೆಗಳನ್ನು, ನಡೆದು ಹೋಗುವ ದಾರಿಗಳನ್ನು, ಯಾವ ದಿಕ್ಕಿಗೆ ಗುಂಡು ಹಾರಿಸಬಾರದು ಅನ್ನುವುದನ್ನು ಅದರ ಮೇಲೆ ಬರೆಯಿರಿ. ಅಟ್ಟಣೆ ಹಂಚಲು ಸರದಿ ಒಳ್ಳೆಯದು: ಈ ವರ್ಷ ಮೊದಲು ಆರಿಸಿದವನು ಮುಂದಿನ ವರ್ಷ ಕೊನೆಗೆ. ಅಪ್ಪ ಕೂರುತ್ತಿದ್ದ ಆ ಮರದಂಥ ಮನಸ್ಸಿನ ಜಾಗವನ್ನು ಸರದಿಯಿಂದ ಹೊರಗಿಟ್ಟು ದೊಡ್ಡವನಿಗೇ ಬಿಟ್ಟುಕೊಡಿ, ಬದಲಿಗೆ ಅವನು ಬೇರೇನಾದರೂ ಬಿಡಲಿ. ಪೆಟ್ಟು ತಿಂದ ಜಿಂಕೆ ಇನ್ನೊಬ್ಬರು ಕೂತ ಕಡೆ ಓಡಿದರೆ ಮೊದಲು ಫೋನು, ಆಮೇಲೆ ಹುಡುಕಾಟ.

ಅತಿಥಿಗಳ ವಿಷಯ ಸ್ಪಷ್ಟವಾಗಿ ಬರೆಯಿರಿ, ಯಾಕೆಂದರೆ ಜಾಸ್ತಿ ಮನಸ್ತಾಪ ಆಗುವುದು ಇಲ್ಲೇ. ಆಫೀಸಿನ ಗೆಳೆಯನನ್ನು ಕರೆತರಬಹುದೇ? ಮೊದಲ ವಾರಾಂತ್ಯದಲ್ಲಿ ಬೇಡ ಅನ್ನಬಹುದು. ಕರೆದವನು ಜೊತೆಯಲ್ಲೇ ಇರಬೇಕು ಅನ್ನಬಹುದು. ದುಡ್ಡು ತೆಗೆದುಕೊಂಡು ಬಿಡುವುದಾದರೆ ಅದು ಬೇರೆಯೇ ಕಥೆ. ಉಚಿತವಾಗಿ ಬಿಟ್ಟಾಗ ಜಮೀನಿನವರ ಮೇಲಿನ ಹೊಣೆಯನ್ನು ಕಡಿಮೆ ಮಾಡುವ ಕಾನೂನು ಅಲ್ಲಿ ಎಲ್ಲ 50 ರಾಜ್ಯಗಳಲ್ಲೂ ಇದೆ, ಆದರೆ ಹಣ ಪಡೆದರೆ ಸಾಮಾನ್ಯವಾಗಿ ಆ ರಕ್ಷಣೆ ಸಿಗುವುದಿಲ್ಲ. ಒಬ್ಬ ಪಾಲುದಾರ ಗುಟ್ಟಾಗಿ ದುಡ್ಡು ತೆಗೆದುಕೊಂಡು ಹೊರಗಿನವರನ್ನು ಬಿಟ್ಟು, ಅಲ್ಲಿ ಒಬ್ಬ ಅಟ್ಟಣೆಯಿಂದ ಬಿದ್ದರೆ, ಕೋರ್ಟಿನ ನೋಟಿಸು ಬೇಟೆಯಾಡದ ಅಕ್ಕನ ಮನೆಗೂ ಬರಬಹುದು.

ಇನ್ನೊಂದು ಹಳೆಯ ಜಗಳ, ಎಳೆ ಗಂಡು ಜಿಂಕೆಗಳದ್ದು. ಬಿಳಿಬಾಲದ ಜಿಂಕೆಯ ಕೊಂಬು ಪೂರ್ತಿ ಬೆಳೆಯಲು ಐದಾರು ವರ್ಷ ಬೇಕು. ಒಬ್ಬ ಕ್ಯಾಮೆರಾ ಕಟ್ಟಿ, ವರ್ಷಗಟ್ಟಲೆ ಒಂದು ಜಿಂಕೆಯನ್ನು ನೋಡುತ್ತಾ, ಹೊಡೆಯದೆ ಬಿಟ್ಟಿರುತ್ತಾನೆ. ವರ್ಷಕ್ಕೊಮ್ಮೆ ಬರುವ ದಾಯಾದಿ ಅದನ್ನೇ ಹೊಡೆಯುತ್ತಾನೆ. 'ನನ್ನ ಜಿಂಕೆ' ಅನ್ನುವ ಕೂಗು ಏಳುತ್ತದೆ. ಅಮೆರಿಕದಲ್ಲಿ ಕಾಡುಪ್ರಾಣಿ ಜಮೀನಿನ ಒಡೆಯನ ಸ್ವತ್ತಲ್ಲ, ಜನರ ಪರವಾಗಿ ರಾಜ್ಯ ಅದನ್ನು ನೋಡಿಕೊಳ್ಳುತ್ತದೆ. ಜೊತೆಗೆ ಗಂಡು ಜಿಂಕೆ ಓಡಾಡುವ ಪ್ರದೇಶ ನೂರಾರು ಎಕರೆ, ನಿಮ್ಮ 80 ಎಕರೆ ಅದಕ್ಕೆ ಒಂದು ಮೂಲೆ. ಎಳೆಯದನ್ನು ಬಿಡೋಣ ಅನ್ನುವ ನಿಯಮ ಮಾಡಿಕೊಳ್ಳಿ, ಒಳ್ಳೆಯದೇ. ಆದರೆ ಮಕ್ಕಳಿಗೆ, ಮೊದಲ ಬೇಟೆಯವರಿಗೆ ವಿನಾಯಿತಿ ಕೊಡಿ. ಹುಡುಗನೊಬ್ಬ ಖುಷಿಯಿಂದ ಓಡಿಬಂದಾಗ ದೊಡ್ಡಪ್ಪ ಮುಖ ಗಂಟಿಕ್ಕಿದರೆ ಆ ಹುಡುಗ ಅದನ್ನು ಮರೆಯುವುದಿಲ್ಲ.

ಇವೆಲ್ಲ ಒಂದು ಹಾಳೆಯ ಮಾತು, ಪ್ರತಿ ವರ್ಷ ತಿದ್ದಬಹುದಾದದ್ದು. ಒಡೆತನದ ಒಪ್ಪಂದ ಬೇರೆ, ಅದಕ್ಕೆ ವಕೀಲರು ಬೇಕು. ಜಮೀನನ್ನು ಎಲ್‌ಎಲ್‌ಸಿ ಅನ್ನುವ ಕಂಪನಿಗೋ ಟ್ರಸ್ಟಿಗೋ ಸೇರಿಸಬಹುದು. ಮಾರುವವನು ಮೊದಲು ಮನೆಯವರನ್ನು ಕೇಳಬೇಕು, ಬೆಲೆಯನ್ನು ಹೊರಗಿನ ತಜ್ಞರು ಕಟ್ಟಬೇಕು, ಕಂತಿನಲ್ಲಿ ಕೊಡಬಹುದು ಅಂತ ಬರೆಸಬಹುದು. ಅಪ್ಪ ಅಮ್ಮ ಬದುಕಿರುವಾಗಲೇ ಇದನ್ನು ಮಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. 'ಈಗಲೇ ಯಾಕೆ, ಅಪಶಕುನ' ಅಂತ ಮುಂದೂಡಬೇಡಿ.

ಮಾತೇ ನಿಂತುಹೋಗಿದ್ದರೆ? ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆ ಒಬ್ಬ ಮಧ್ಯಸ್ಥರನ್ನು ಹಿಡಿಯಿರಿ, ಇಬ್ಬರಿಗೂ ನೆಂಟರಲ್ಲದವರನ್ನು. ಅಲ್ಲಿನ ಕೃಷಿ ಇಲಾಖೆಯ ನೆರವಿನಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಮಧ್ಯಸ್ಥಿಕೆ ಕೇಂದ್ರಗಳು ನಡೆಯುತ್ತಿವೆ. ಕೃಷಿ ಜಮೀನಿನ ಕುಟುಂಬ ವಿಷಯಗಳನ್ನೂ ಅವು ತೆಗೆದುಕೊಳ್ಳುತ್ತವೆ, ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ.

ಅದೂ ಆಗದಿದ್ದರೆ ಒಪ್ಪಿಕೊಂಡು ಹೋಳು ಮಾಡಿಕೊಳ್ಳಿ. ಅದು ಸೋಲಲ್ಲ. ಗೆರೆ ಎಳೆದ ಮೇಲೆ ಮತ್ತೆ ಮಾತು ಶುರುವಾದ ಮನೆಗಳಿವೆ. ಆದರೆ ಹಿಂಬದಿಯ ಹೋಳಿಗೆ ರಸ್ತೆ ಇಲ್ಲದಿದ್ದರೆ ಎಚ್ಚರ. 'ನಮ್ಮ ಕಡೆಯಿಂದ ಹೋಗು, ಯಾರು ಬೇಡ ಅಂತಾರೆ' ಅನ್ನುವ ಬಾಯಿಮಾತು ಸಾಮಾನ್ಯವಾಗಿ ಬರೀ ಅನುಮತಿ, ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು, ರಸ್ತೆ ಬದಿಯ ಹೋಳು ಮಾರಾಟವಾದ ದಿನ ಅದೂ ಹೋಯಿತು. ದಾರಿಯ ಹಕ್ಕನ್ನು, ಅಂದರೆ ಈಸ್‌ಮೆಂಟನ್ನು, ಬರೆಸಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿ ದಾಖಲು ಮಾಡಿಸಿ. ಎಷ್ಟು ಅಡಿ ಅಗಲ, ಎಲ್ಲಿಂದ ಎಲ್ಲಿಗೆ, ನಡೆದು ಮಾತ್ರವೋ ಗಾಡಿಯಲ್ಲೂ ಹೋಗಬಹುದೋ, ಅತಿಥಿಗಳಿಗೂ ಸಲ್ಲುತ್ತದೋ, ಮಳೆಗೆ ಮೋರಿ ಕೊಚ್ಚಿಹೋದರೆ ಯಾರು ಸರಿಮಾಡಿಸಬೇಕು, ಗೇಟಿಗೆ ಎಷ್ಟು ಬೀಗ, ಎಲ್ಲವೂ ಅದರಲ್ಲಿ ಇರಲಿ.